ಕೋಲ ನೋಡಲು ಕರಾವಳಿಗೆ ಹೊರಟಿದ್ದೀರಾ? ಮನೆ ಬಿಡುವ ಮುಂಚೆ ಇಷ್ಟು ಸಿದ್ಧತೆ ಮಾಡಿಕೊಳ್ಳಿ

ಜನವರಿ ಬಂತೆಂದರೆ ಘಟ್ಟದ ಮೇಲಿನ ಗೆಳೆಯರಿಂದ ನನಗೆ ಒಂದೇ ಪ್ರಶ್ನೆ. "ನಿಮ್ಮೂರಲ್ಲಿ ಕೋಲ ಯಾವಾಗ? ನಾವೂ ಬರಬಹುದಾ?" ಕೋಲ ಅಂದರೆ ತುಳುನಾಡಿನ ನಮ್ಮ ಕಡೆ ರಾತ್ರಿಯಿಡೀ ನಡೆಯುವ ದೈವದ ಆರಾಧನೆ; ವೇಷ ಕಟ್ಟಿದವರ ಮೈಮೇಲೆ ದೈವ ಬರುತ್ತದೆ. 2022ರಲ್ಲಿ "ಕಾಂತಾರ" ಸಿನಿಮಾ ಬಂದ ಮೇಲೆ ಕೇಳುವವರು ಇನ್ನೂ ಜಾಸ್ತಿಯಾಗಿದ್ದಾರೆ. ಖಂಡಿತ ಬರಬಹುದು. ಆದರೆ ಸುಮ್ನೆ ಬ್ಯಾಗ್ ಹಾಕಿಕೊಂಡು ಬಂದರೆ ಅರ್ಧ ರಾತ್ರಿಗೇ ನಿದ್ದೆ ಬರುತ್ತದೆ, ಏನು ನಡೆಯುತ್ತಿದೆ ಅಂತ ತಿಳಿಯುವುದಿಲ್ಲ, ತಿಳಿಯದೆ ಯಾರದಾದರೂ ಮನಸ್ಸು ನೋಯಿಸಿ ಬರುತ್ತೀರಿ. ಅದು ಆಗಬಾರದು ಅಂತ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ಬೆಳ್ತಂಗಡಿ ಕಡೆಯ ಒಂದು ತರವಾಡು ಮನೆಯಲ್ಲಿ, ಅಂದರೆ ಕುಟುಂಬದ ಮೂಲ ಮನೆಯಲ್ಲಿ. ಕೆಲಸ ಬೆಂಗಳೂರಲ್ಲಿ. ನಮ್ಮದು ತಾಯಿಯ ಕಡೆಯಿಂದ ಸಾಗುವ ಅಳಿಯಕಟ್ಟಿನ ಕುಟುಂಬ, ಹಾಗಾಗಿ ಕೋಲದ ಯಜಮಾನಿಕೆ ನನ್ನ ಸೋದರಮಾವನದು. ದೈವ ಅಂದರೆ ನಮಗೆ ಮನೆಯ ಹಿರಿಯರೂ ಹೌದು, ಊರಿನ ನ್ಯಾಯ ಹೇಳುವವರೂ ಹೌದು. ವರ್ಷಕ್ಕೊಮ್ಮೆ ಅವರು ಅಂಗಳಕ್ಕೆ ಬರುತ್ತಾರೆ, ಎಲ್ಲರ ಕಷ್ಟಸುಖ ಕೇಳುತ್ತಾರೆ. ನೀವು ಆ ರಾತ್ರಿ ಹೋಗುತ್ತಿರುವುದು ಒಂದು ಮನೆಗೆ, ನೆಂಟರಾಗಿ. ಕೆಳಗೆ ಬರೆದ ಪ್ರತಿ ಸಿದ್ಧತೆಯೂ ಇದೊಂದೇ ಮಾತಿನಿಂದ ಬಂದದ್ದು.

ಮೊದಲು ದಿನ ಗಟ್ಟಿ ಮಾಡಿಕೊಳ್ಳಿ, ಆಮೇಲೆ ಟಿಕೆಟ್

ಕೋಲಗಳು ದೀಪಾವಳಿ ಕಳೆದ ಮೇಲೆ ಶುರುವಾಗಿ ಪತ್ತನಾಜೆಯವರೆಗೆ ನಡೆಯುತ್ತವೆ. ಪತ್ತನಾಜೆ ಅಂದರೆ ತುಳು ಪಂಚಾಂಗದ ಬೇಶ ತಿಂಗಳ ಹತ್ತನೇ ದಿನ, ಹೆಚ್ಚುಕಮ್ಮಿ ಮೇ 24ರ ಹೊತ್ತಿಗೆ ಬರುತ್ತದೆ. ಅಲ್ಲಿಗೆ ಗಗ್ಗರ (ಕೋಲ ಕಟ್ಟುವವರ ಕಾಲಿನ ಗೆಜ್ಜೆ) ಬಿಚ್ಚಿದರೆ ಮಳೆಗಾಲ ಮುಗಿಯುವವರೆಗೆ ಮತ್ತೆ ಕಟ್ಟುವುದಿಲ್ಲ. ಯಕ್ಷಗಾನ ಮೇಳದವರೂ ಅದೇ ದಿನ ಗೆಜ್ಜೆ ಬಿಚ್ಚುತ್ತಾರೆ. ಜೂನ್‌ನಲ್ಲಿ ರಜೆ ಇದೆ, ಆಗ ಬರುತ್ತೇವೆ ಅಂದರೆ ಮಳೆ ನೋಡಿಕೊಂಡು ಹೋಗಬೇಕಷ್ಟೆ. ಫೆಬ್ರವರಿಯಿಂದ ಏಪ್ರಿಲ್ ಒಳ್ಳೆ ಕಾಲ.

ಗೆಳೆಯರ ಮನೆಯ ಕೋಲವಾದರೆ ಆಮಂತ್ರಣ ಪತ್ರಿಕೆಯ ಫೋಟೊ ತರಿಸಿಕೊಳ್ಳಿ. ಅದನ್ನು ಓದಲು ಕಲಿತರೆ ಅರ್ಧ ಕೆಲಸ ಆದಂತೆ. "ಕಾಲಾವಧಿ ನೇಮ" ಅಂತಿದ್ದರೆ (ನೇಮ ಅಂದರೂ ಕೋಲವೇ) ವರ್ಷವರ್ಷ ಗೊತ್ತಾದ ದಿನ ನಡೆಯುವಂಥದ್ದು. "ಹರಕೆ ಕೋಲ" ಅಂದರೆ ಯಾರೋ ಹೊತ್ತ ಹರಕೆ ತೀರಿಸುತ್ತಿದ್ದಾರೆ. "ಒತ್ತೆಕೋಲ" ಅಂತಿದ್ದರೆ ಅದು ವಿಷ್ಣುಮೂರ್ತಿ ದೈವದ್ದು. ಸುಳ್ಯ, ಪುತ್ತೂರು ಕಡೆ ಜಾಸ್ತಿ. ಮೇಲೇರಿಗೆ, ಅಂದರೆ ಕಟ್ಟಿಗೆಯ ರಾಶಿಗೆ ಬೆಂಕಿ ಕೊಟ್ಟು, ರಾತ್ರಿಯಿಡೀ ಉರಿದು ಕೆಂಡವಾದ ರಾಶಿಗೆ ಬೆಳಗಿನ ಜಾವ ದೈವ ಬೀಳುತ್ತದೆ. ಪತ್ರಿಕೆಯಲ್ಲಿ "ಭಂಡಾರ ಇಳಿಯುವುದು", "ಅನ್ನಸಂತರ್ಪಣೆ", "ಗಗ್ಗರ ಸೇವೆ" ಅಂತ ಒಂದೊಂದಕ್ಕೂ ಗಂಟೆ ಹಾಕಿರುತ್ತಾರೆ. ನೀವು ಭಂಡಾರ (ದೈವದ ಆಭರಣ, ಆಯುಧ) ಇಳಿಯುವ ಹೊತ್ತಿಗೇ ಅಲ್ಲಿರಬೇಕು. ರಾತ್ರಿ ಹನ್ನೊಂದಕ್ಕೆ ಬಂದು "ಮೇನ್ ಪಾರ್ಟ್" ನೋಡುತ್ತೇವೆ ಅನ್ನುವವರಿಗೆ ಕೋಲ ದಕ್ಕುವುದಿಲ್ಲ.

ಗುರುತಿನವರು ಯಾರೂ ಇಲ್ಲವಾ? ಊರ ನೇಮಗಳಿಗೆ ಕರೆಯೋಲೆ ಬೇಕಾಗಿಲ್ಲ. ಮಂಗಳೂರು, ಉಡುಪಿ ಪತ್ರಿಕೆಗಳ ಸ್ಥಳೀಯ ಪುಟದಲ್ಲಿ, ರಸ್ತೆ ಬದಿಯ ಬ್ಯಾನರ್‌ಗಳಲ್ಲಿ ದಿನ ಹಾಕಿರುತ್ತಾರೆ. ಬಂದವರಿಗೆಲ್ಲ ಊಟವಿದೆ. ಆದರೂ ಒಬ್ಬ ಸ್ಥಳೀಯರ ಪರಿಚಯ ಮಾಡಿಕೊಂಡೇ ಹೋಗಿ ಅನ್ನುತ್ತೇನೆ ನಾನು. ಪ್ರತಿ ಸ್ಥಾನಕ್ಕೂ ಅದರದೇ ಕಟ್ಟುಪಾಡು ಇರುತ್ತದೆ. ಮಂಗಳೂರು ಹತ್ತಿರದ ಕುತ್ತಾರಿನ ಕೊರಗಜ್ಜ ದೈವದ ಆದಿಸ್ಥಳದಲ್ಲಿ ಕೋಲದ ಹೊತ್ತಿಗೆ ಒಂದು ಹನಿ ಬೆಳಕೂ ಹಾಯುವಂತಿಲ್ಲ. ಅದು ಗೊತ್ತಿಲ್ಲದೆ ಮೊಬೈಲ್ ಹೊತ್ತಿಸಿದರೆ ಹೇಗಿರುತ್ತದೆ ಯೋಚಿಸಿ.

ಯಾವ ದೈವ ಅಂತ ಕೇಳಿ, ಕತೆ ತಿಳಿದುಕೊಳ್ಳಿ

ಇದಕ್ಕೆ ಒಂದು ವಾರ ಕೊಡಿ. ನನ್ನ ಪ್ರಕಾರ ಬ್ಯಾಗಿಗಿಂತ ಮುಖ್ಯ ಇದೇ.

ಒಂದೊಂದು ದೈವಕ್ಕೂ ಒಂದು ಪಾಡ್ದನ ಇದೆ. ಅದು ಎಲ್ಲಿ ಹುಟ್ಟಿತು, ಯಾರಿಂದ ಅನ್ಯಾಯವಾಯಿತು, ಎಲ್ಲೆಲ್ಲಿ ನೆಲೆಯಾಯಿತು ಅನ್ನುವ ಹಾಡು. ಪಂಜುರ್ಲಿ ಹಂದಿಯ ರೂಪದ ದೈವ, ಬೆಳೆ ಕಾಯುವುದು. ಗುಳಿಗ ತೀರದ ಹಸಿವಿನವ, ಕ್ಷೇತ್ರ ಕಾಯುವವ. ಬೊಬ್ಬರ್ಯ ಕಡಲಿನವನು, ಮೀನು ಹಿಡಿಯುವ ಮೊಗವೀರರು ತುಂಬಾ ನಂಬುವ ದೈವ, ಪಾಡ್ದನದಲ್ಲಿ ಅವನ ತಂದೆ ಒಬ್ಬ ಬ್ಯಾರಿ, ಅಂದರೆ ಕರಾವಳಿಯ ಮುಸ್ಲಿಂ. ಕುಂಬಳೆ ಹತ್ತಿರದ ಆರಿಕ್ಕಾಡಿಯಲ್ಲಿ ಆಲಿ ಭೂತ ಅಂತಲೇ ಇದೆ. ಕೋಟಿ ಚೆನ್ನಯರು ಗರಡಿ ಅನ್ನುವ ಗುಡಿಗಳಲ್ಲಿ ಕೂತ ವೀರರು.

ನಮ್ಮ ಮನೆಯಲ್ಲಿ ಕಲ್ಲುರ್ಟಿ ಕಲ್ಕುಡ. ಹಾಗಾಗಿ ಆ ಕತೆ ಸ್ವಲ್ಪ ಹೇಳುತ್ತೇನೆ. ಬೀರ ಕಲ್ಕುಡ ಕಲ್ಲು ಕೆತ್ತುವ ಹುಡುಗ. ಕಾರ್ಕಳದ ಗೊಮ್ಮಟನನ್ನು ಕೆತ್ತಿ ನಿಲ್ಲಿಸುತ್ತಾನೆ. ಕೂಲಿ ಕೇಳಲು ಹೋದರೆ ಅಲ್ಲಿನ ರಾಜ ಬೈರರಸು, ಇವನು ಇನ್ನೆಲ್ಲೂ ಇಂಥದ್ದು ಮಾಡಬಾರದು ಅಂತ ಅವನ ಎಡಗೈ, ಬಲಗಾಲು ಕಡಿಸುತ್ತಾನೆ. ಅವನು ಉಳಿದ ಒಂದು ಕೈ ಒಂದು ಕಾಲಿನಲ್ಲೇ ವೇಣೂರಿಗೆ ಹೋಗಿ ಅಲ್ಲೂ ಗೊಮ್ಮಟನನ್ನು ಕೆತ್ತುತ್ತಾನೆ. ಹುಡುಕಿಕೊಂಡು ಬಂದ ತಂಗಿ ಕಲ್ಲುರ್ಟಿ ಅಣ್ಣನನ್ನು ಆ ಸ್ಥಿತಿಯಲ್ಲಿ ನೋಡುತ್ತಾಳೆ. ಇಬ್ಬರೂ ಮಾಯಕಕ್ಕೆ ಸಂದು, ಅಂದರೆ ಕಣ್ಮರೆಯಾಗಿ, ದೈವಗಳಾಗುತ್ತಾರೆ. ಆಮೇಲೆ ಅರಮನೆಗೆ ಬೆಂಕಿ ಬೀಳುತ್ತದೆ. ಶಾಸನದ ಲೆಕ್ಕದಲ್ಲಿ ಕಾರ್ಕಳದ ಮೂರ್ತಿ ನಿಂತದ್ದು 1432ರಲ್ಲಿ, ವೇಣೂರಿನದು 1604ರಲ್ಲಿ. ನಡುವೆ 172 ವರ್ಷ. ಪಾಡ್ದನ ಆ ಲೆಕ್ಕ ಹಿಡಿಯುವುದಿಲ್ಲ, ಅದು ಹಿಡಿದಿಟ್ಟಿರುವುದು ಕೂಲಿ ಕೇಳಿದ ಕೈಯನ್ನು.

ನಮ್ಮ ಮನೆಗೆ ಬರುವವರಿಗೆ ನಾನು ಹೇಳುವುದಿಷ್ಟು. ಕೋಲದ ದಿನ ಬೆಳಿಗ್ಗೆ ಕಾರ್ಕಳದ ಬಂಡೆ ಹತ್ತಿ ಆ 42 ಅಡಿ ಮೂರ್ತಿಯ ಬುಡದಲ್ಲಿ ಐದು ನಿಮಿಷ ನಿಲ್ಲಿ. ರಾತ್ರಿ ಅಣ್ಣತಂಗಿಯರ ದೈವ ಅಂಗಳದಲ್ಲಿ ನಿಂತಾಗ ನಿಮಗೇ ತಿಳಿಯುತ್ತದೆ.

ಮನೆಯಲ್ಲಿ ಮಾಡಬೇಕಾದ್ದು

ಸೂತಕ, ಅಮೆ ಇದ್ದರೆ ಹೊರಡಬೇಡಿ. ಕುಟುಂಬದಲ್ಲಿ ಸಾವಾಗಿದ್ದರೆ ಸೂತಕ, ಮಗು ಹುಟ್ಟಿದ್ದರೆ ಅಮೆ. ನೀವು ನಂಬದಿರಬಹುದು, ಕರೆದ ಮನೆಯವರು ನಂಬುತ್ತಾರೆ. ಮುಟ್ಟಿನ ವಿಷಯದಲ್ಲಿ ಆಯಾ ಮನೆಯ ಕ್ರಮ ಬೇರೆಬೇರೆ. ಆ ಮನೆಯ ಹೆಂಗಸರಲ್ಲೇ ಮೊದಲು ಫೋನ್ ಮಾಡಿ ಕೇಳಿಬಿಡುವುದು ಒಳ್ಳೆಯದು, ಅಲ್ಲಿ ಹೋಗಿ ಮುಜುಗರ ಬೇಡ. ಮೀನು ಮಾಂಸದ ವಿಷಯವೂ ಹಾಗೇ, ಕೇಳಿಕೊಳ್ಳಿ. ಕುಡಿದು ಮಾತ್ರ ಯಾವ ಅಂಗಳಕ್ಕೂ ಹೋಗಬೇಡಿ.

ಹರಕೆ ಹೊತ್ತವರು ಮುಡಿಪು (ಹರಕೆಯ ಕಾಣಿಕೆ) ಕಟ್ಟಿ ದೇವರ ಮುಂದೆ ಇಟ್ಟಿರುತ್ತೀರಿ. ಹೊರಡುವಾಗ ಮೊದಲು ಅದನ್ನೇ ತೆಗೆದುಕೊಳ್ಳಿ. ಗಡಿಬಿಡಿಯಲ್ಲಿ ಮರೆತು ಸಕಲೇಶಪುರದಿಂದ ವಾಪಸ್ ಹೋದವರನ್ನು ನೋಡಿದ್ದೇನೆ.

ಏನಾದರೂ ಅರಿಕೆ ಮಾಡಿಕೊಳ್ಳುವುದಿದ್ದರೆ ಮನೆಯಲ್ಲೇ ಕೂತು ಒಂದೇ ವಾಕ್ಯ ಮಾಡಿಕೊಳ್ಳಿ. ದೈವದ ಎದುರು ನಿಂತಾಗ ಮಾತು ಹೊರಡುವುದಿಲ್ಲ, ಇದು ನಮಗೂ ಆಗುತ್ತದೆ. ಒಂದೆರಡು ಎಚ್ಚರ. ಕಾಯಿಲೆಯ ವಿಷಯ ಕೇಳಿಕೊಂಡರೂ ಡಾಕ್ಟರ ಮದ್ದು ಬಿಡಬೇಡಿ, ನಮ್ಮ ಮನೆಯಲ್ಲಿ ಯಾರೂ ಬಿಟ್ಟಿಲ್ಲ. ಮತ್ತೆ ಆ ಕ್ಷಣದ ಆವೇಶದಲ್ಲಿ ದೊಡ್ಡ ಹರಕೆ ಹೇಳಿಬಿಡಬೇಡಿ. ಹೇಳಿದರೆ ತೀರಿಸಬೇಕು.

ಹಿಂದಿನ ದಿನ ಚೆನ್ನಾಗಿ ನಿದ್ದೆ ಮಾಡಿ. ಕೋಲದ ದಿನ ಮಧ್ಯಾಹ್ನವೂ ಎರಡು ಗಂಟೆ ಮಲಗಿ. ಮಕ್ಕಳಿದ್ದರೆ ಅವರನ್ನಂತೂ ಮಲಗಿಸಲೇಬೇಕು.

ಬ್ಯಾಗಿಗೆ ಏನು?

ಹತ್ತಿ ಬಟ್ಟೆ. ಇದು ಬರಿಯ ಸಂಪ್ರದಾಯ ಅಂದುಕೊಳ್ಳಬೇಡಿ. ದೀವಟಿಗೆ ನಿಮ್ಮ ಪಕ್ಕದಲ್ಲೇ ಹಾದುಹೋಗುತ್ತದೆ, ಕಿಡಿ ಹಾರುತ್ತದೆ, ಸಿಂಥೆಟಿಕ್ ಬಟ್ಟೆ ಮೈಗೆ ಅಂಟಿ ಉರಿಯುತ್ತದೆ. ಗಂಡಸರಿಗೆ ಬಿಳಿ ಪಂಚೆ, ಹೆಗಲಿಗೊಂದು ಶಾಲು. ಕೆಲವು ಕಡೆ ಪ್ರಸಾದ ತೆಗೆದುಕೊಳ್ಳುವಾಗ ಅಂಗಿ ತೆಗೆಯಬೇಕು. ಹೆಂಗಸರಿಗೆ ಹತ್ತಿ ಸೀರೆಯೋ ಚೂಡಿದಾರವೋ ಸಾಕು. ನೆಲದ ಮೇಲೆ ಎಂಟು ಗಂಟೆ ಕೂರಬೇಕು ಅನ್ನುವುದು ನೆನಪಿರಲಿ.

ಸಂಜೆ ಸೆಕೆ ಇರುತ್ತದೆ, ಬೆಳಗಿನ ಜಾವ ಮೂರಕ್ಕೆ ಗದ್ದೆಯಲ್ಲಿ ಇಬ್ಬನಿ ಬೀಳುತ್ತದೆ. ಗುತ್ತಿನ ಮನೆಗಳ (ಊರಿನ ಹಿರಿಮನೆಗಳ) ಕೋಲ ಮನೆ ಮುಂದಿನ ಬಾಕಿಮಾರು ಗದ್ದೆಯಲ್ಲಿ, ಕೊಯ್ಲಾದ ಮೇಲೆ ನಡೆಯುವುದು ಜಾಸ್ತಿ. ಹಾಗಾಗಿ ಒಂದು ಚಾಪೆ, ಒಂದು ಹೊದಿಕೆ, ಮಕ್ಕಳಿಗೆ ಟೋಪಿ. ಸುಲಭವಾಗಿ ಕಳಚುವ ಚಪ್ಪಲಿ. ನೀರಿನ ಬಾಟಲಿ. ಧೂಪ, ಪಟಾಕಿ ಹೊಗೆ ಆಗದವರು ಇನ್‌ಹೇಲರ್ ಜೇಬಲ್ಲೇ ಇಟ್ಟುಕೊಳ್ಳಿ. ಒಂದು ಸಣ್ಣ ಟಾರ್ಚ್ ಬೇಕು, ದಾರಿಯಲ್ಲಿ ಹಾವಿರುತ್ತದೆ. ಟಾರ್ಚ್ ಬೆಳಕು ಕಾಲಿನ ಬುಡಕ್ಕೆ ಮಾತ್ರ.

ಬರಿಗೈಯಲ್ಲಿ ಹೋಗಬೇಡಿ. ಹೂವು ಒಯ್ಯಿರಿ. ಶಂಕರಪುರ ಮಲ್ಲಿಗೆ ಸಿಕ್ಕಿದರೆ ಅದಕ್ಕಿಂತ ಒಳ್ಳೆಯದಿಲ್ಲ, ಅಂಗಡಿಯಲ್ಲಿ "ಒಂದು ಚೆಂಡು" ಅಂತ ಕೇಳಿ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಕೋಲದ ಕಾಲದಲ್ಲಿ ಬೆಲೆ ಏರಿರುತ್ತದೆ, ಒಂದು ಚೆಂಡು ಧಾರಾಳವಾಯಿತು. ಹಿಂಗಾರವನ್ನು (ಅಡಿಕೆಯ ಹೂಗೊನೆ) ಮನೆಯವರೇ ತೋಟದಿಂದ ತೆಗೆದಿರುತ್ತಾರೆ. ಎರಡು ಸೀಯಾಳವೋ ದೀಪದ ಎಣ್ಣೆಯೋ ಕೊಟ್ಟರೂ ಸಂತೋಷವೇ. ಮನೆಯ ಹಿರಿಯರ ಕೈಗೆ ಕೊಡಿ, ನೀವೇ ಗುಡಿಯೊಳಗೆ ಇಡಲು ಹೋಗಬೇಡಿ.

ದಾರಿ

ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿಲೋಮೀಟರ್, ಶಿರಾಡಿ ಘಾಟಿ ಇಳಿದು. ಸ್ವಂತ ಕಾರಿಗಿಂತ ರಾತ್ರಿ ಬಸ್ಸು ವಾಸಿ. ಕಾರಣ ಕೊನೆಯಲ್ಲಿ ಹೇಳುತ್ತೇನೆ. ಕೋಲದ ದಿನ ಬೆಳಿಗ್ಗೆ ತಲುಪುವ ಹಾಗೆ ಹೊರಡಿ, ಸಂಜೆ ತಲುಪುವ ಹಾಗೆ ಬೇಡ.

ದಾರಿಯಲ್ಲಿ ನಾಲ್ಕು ತುಳು ಮಾತು ಬಾಯಿಗೆ ಬರಿಸಿಕೊಳ್ಳಿ. "ಬಲೆ" ಅಂದರೆ ಬನ್ನಿ. "ಕುಳ್ಳುಲೆ" ಅಂದರೆ ಕೂತುಕೊಳ್ಳಿ. "ವಣಸ್ ಆಂಡಾ?" ಅಂದರೆ ಊಟ ಆಯ್ತಾ. "ಸೊಲ್ಮೆಲು" ಅಂದರೆ ವಂದನೆ. ಇಷ್ಟಕ್ಕೇ ನಮ್ಮ ಅಜ್ಜಿಯಂದಿರು ನಿಮ್ಮನ್ನು ಬಿಡುವುದಿಲ್ಲ ನೋಡಿ.

ಮನೆ ತಲುಪಿದ ಕೂಡಲೇ ಬೆಲ್ಲ ನೀರು ಕೊಡುತ್ತಾರೆ. ಬೇಡ ಅನ್ನಬೇಡಿ.

ರಾತ್ರಿ ಏನೇನು ನಡೆಯುತ್ತದೆ, ನೀವು ಎಲ್ಲಿರಬೇಕು

ಸಂಜೆ ಭಂಡಾರ ಇಳಿಯುತ್ತದೆ. ದೈವದ ಮೊಗ (ಮುಖವಾಡ), ಕತ್ತಿ, ಗಂಟೆ, ಆಭರಣ ಎಲ್ಲವನ್ನೂ ಭಂಡಾರದ ಮನೆಯಿಂದ ವಾದ್ಯ, ದೀವಟಿಗೆ ಸಮೇತ ಕೋಲದ ಜಾಗಕ್ಕೆ ತರುತ್ತಾರೆ. ದಾರಿ ಬಿಟ್ಟು ಬದಿಗೆ ನಿಲ್ಲಿ, ಚಪ್ಪಲಿ ಕಳಚಿ. ಆಮೇಲೆ ಕೋಲ ಕಟ್ಟುವವರಿಗೆ ಎಣ್ಣೆ ಬೂಳ್ಯ ಕೊಡುತ್ತಾರೆ. ಎಣ್ಣೆ, ವೀಳ್ಯ ಪಡೆದು ಅವರು ಸ್ನಾನಕ್ಕೆ ಹೋಗುತ್ತಾರೆ. ನೀವು ಆ ಹೊತ್ತಿಗೆ ಊಟ ಮುಗಿಸಿ. ಹೊಟ್ಟೆ ಬಿರಿಯ ಉಂಡರೆ ನಿದ್ದೆ ಬರುತ್ತದೆ, ಸ್ವಲ್ಪ ಕಮ್ಮಿ ಉಣ್ಣಿ.

ಊಟ ಆದ ಮೇಲೆ ಜನ ಮಾತಾಡುತ್ತಾ ಕೂರುತ್ತಾರೆ. ನೀವು ಕೂರಬೇಡಿ. ಬಣ್ಣ ಹಚ್ಚಿಕೊಳ್ಳುವ ಚೌಕಿ ಕಡೆ ಹೋಗಿ, ಅನುಮತಿ ಕೇಳಿ, ದೂರದಲ್ಲಿ ಸುಮ್ಮನೆ ಕೂತು ನೋಡಿ. ನನಗೆ ಇಡೀ ರಾತ್ರಿಯಲ್ಲಿ ಅತಿ ಪ್ರೀತಿಯ ಹೊತ್ತು ಅದು. ಒಂದು ಚಾಪೆ. ಸಣ್ಣ ದೀಪ. ಕೋಲ ಕಟ್ಟುವವರು ಎಡಗೈಯಲ್ಲಿ ಅಂಗೈಯಗಲದ ಕನ್ನಡಿ ಹಿಡಿದು ಮುಖಕ್ಕೆ ಅರದಾಳದ ಹಳದಿ ಬಳಿಯುತ್ತಿರುತ್ತಾರೆ. ಪಕ್ಕದಲ್ಲಿ ತಮ್ಮನೋ ಮಗನೋ ಎಳೆ ತೆಂಗಿನ ಗರಿಯನ್ನು ಉಗುರಿನಿಂದ ಸೀಳಿ ಸೀಳಿ ಸಿರಿ (ಸೊಂಟಕ್ಕೆ ಕಟ್ಟುವ ಗರಿಯ ಉಡುಗೆ) ಮಾಡುತ್ತಿರುತ್ತಾನೆ. ಸರ್ ಸರ್ ಅಂತ ಒಂದೇ ಸಮನೆ ಸದ್ದು. ಇನ್ನೊಂದು ಮೂಲೆಯಲ್ಲಿ ಅವರ ತಾಯಿ ತೆಂಬರೆ ಅನ್ನುವ ಸಣ್ಣ ವಾದ್ಯ ಬಡಿಯುತ್ತಾ ಪಾಡ್ದನ ಹೇಳುತ್ತಿರುತ್ತಾರೆ. ನಮ್ಮ ಮನೆಗೆ ಬರುವ ಆ ತಾಯಿಗೆ ಈಗ ಹಲ್ಲಿಲ್ಲ, ದನಿ ಮಾತ್ರ ಅಲುಗಿಲ್ಲ. ಕಲ್ಕುಡನ ಕೈ ಕಡಿಯುವ ಜಾಗಕ್ಕೆ ಬಂದಾಗ ಅವರು ಒಂದು ಕ್ಷಣ ತೆಂಬರೆ ನಿಲ್ಲಿಸುತ್ತಾರೆ. ಮಗ ಕನ್ನಡಿ ಕೆಳಗಿಡುತ್ತಾರೆ. ಮತ್ತೆ ಶುರುವಾಗುತ್ತದೆ.

ಕೋಲ ಕಟ್ಟುವವರು ಪಂಬದ, ಪರವ, ನಲಿಕೆ ಸಮುದಾಯದವರು. ಊರಿಡೀ ತಲೆ ಬಾಗುವ ಈ ಜನರನ್ನು ಬೆಳಗಾದ ಮೇಲೆ ಅಂಗಳದಾಚೆ ನಿಲ್ಲಿಸಿದ ಕಾಲವೂ ನಮ್ಮಲ್ಲಿತ್ತು. ಆ ನೋವು ಇನ್ನೂ ಪೂರ್ತಿ ಮಾಸಿಲ್ಲ. 2022ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ 60 ದಾಟಿದ ದೈವ ನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಪ್ರಕಟಿಸಿತು. ನೀವು ಅವರನ್ನು ಕರೆಯುವಾಗ ಅಣ್ಣ ಅನ್ನಿ, ಅಮ್ಮ ಅನ್ನಿ. "ಡಾನ್ಸರ್" ಅನ್ನಬೇಡಿ.

ಕಾಲಿಗೆ ಗಗ್ಗರ ಕಟ್ಟಿದ ಮೇಲೆ ಎಲ್ಲವೂ ಬದಲಾಗುತ್ತದೆ. ನಾಗಸ್ವರ, ಡೋಲು, ತಾಸೆ ಜೋರಾಗುತ್ತವೆ. ಅವರ ಮೈಯಲ್ಲಿ ನಡುಕ ಬರುತ್ತದೆ, ದೀವಟಿಗೆ ಎದೆಗೆ ತಾಗುವಷ್ಟು ಹತ್ತಿರ ಬರುತ್ತದೆ. ಬೆನ್ನಿಗೆ ಅಣಿ (ಪ್ರಭಾವಳಿಯಂಥ ದೊಡ್ಡ ಚೌಕಟ್ಟು) ಏರಿದ ಮೇಲೆ ಆ ಮನುಷ್ಯನ ಅಳತೆಯೇ ಬೇರೆ. ಭಯವಾಗುತ್ತದೆ, ಆಗಲಿ. ಮಕ್ಕಳನ್ನು ಎಬ್ಬಿಸುವುದಾದರೆ ಅಣಿ ಏರುವ ಮುಂಚೆ ಎಬ್ಬಿಸಿ. ಆರ್ಭಟದ ನಡುವೆ ದಿಢೀರ್ ಎಚ್ಚರವಾದ ಮಗು ಹೆದರುತ್ತದೆ. ಗುಳಿಗನ ಕೋಲವಾದರೆ ಇನ್ನೂ ನಾಲ್ಕು ಹೆಜ್ಜೆ ಹಿಂದೆ ಕೂರಿ, ಗುಳಿಗ ಯಾವ ಕಡೆಗೆ ಓಡುತ್ತದೆ ಅಂತ ಹೇಳಲು ಬರುವುದಿಲ್ಲ. ದೈವ ಸುತ್ತು ಬರುವ ದಾರಿಗೆ ಕಾಲು ಚಾಚಬೇಡಿ. ಆರ್ಭಟವನ್ನು ಅಣಕಿಸಿ ಕೂಗಬೇಡಿ.

ಫೋಟೊ ವಿಷಯ

ಕೆಲವು ವರ್ಷದ ಹಿಂದೆ ನಾನು ಕರೆದುಕೊಂಡು ಹೋದ ಒಬ್ಬ ಗೆಳೆಯ, ಗಗ್ಗರದ ಹೊತ್ತಿಗೆ ಸರಿಯಾಗಿ ಎದುರು ನಿಂತು ಫ್ಲ್ಯಾಶ್ ಹಾಕಿಬಿಟ್ಟ. ದೀವಟಿಗೆಯ ಮಬ್ಬಿಗೆ ಹೊಂದಿಕೊಂಡ ಕಣ್ಣು. ಕೋಲ ಕಟ್ಟಿದವರು ಒಂದು ಕ್ಷಣ ಏನೂ ಕಾಣದೆ ಹೆಜ್ಜೆ ತಪ್ಪಿ ಕೆಂಡದ ಕಡೆಗೆ ವಾಲಿದರು. ಪಕ್ಕದವರು ಹಿಡಿಯದಿದ್ದರೆ ಏನಾಗುತ್ತಿತ್ತೋ. ಮಾವ ಏನೂ ಬೈಯಲಿಲ್ಲ. ನನ್ನನ್ನು ಒಮ್ಮೆ ನೋಡಿದರು. ಆ ನೋಟ ಇನ್ನೂ ನನ್ನಲ್ಲಿದೆ, ಯಾಕೆಂದರೆ ಹೇಳಿಕೊಡಬೇಕಾದವನು ನಾನಾಗಿದ್ದೆ.

ಹಾಗಾಗಿ ಮನೆ ಬಿಡುವಾಗಲೇ ಫೋನಿನ ಫ್ಲ್ಯಾಶ್ ಆಫ್ ಮಾಡಿ, ಸೈಲೆಂಟ್‌ಗೆ ಹಾಕಿ. ಮನೆಯವರನ್ನು ಕೇಳಿ. ಬೇಡ ಅಂದರೆ ಬೇಡ. ಸರಿ ಅಂದರೂ ಬಣ್ಣ ಹಚ್ಚುವಾಗ, ದೈವ ನುಡಿ (ಮಾತು) ಕೊಡುವಾಗ ತೆಗೆಯಬೇಡಿ. ನುಡಿಯಲ್ಲಿ ಒಂದು ಮನೆಯ ಜಗಳ, ಸಾಲ, ಮದುವೆ ಎಲ್ಲ ಹೊರಗೆ ಬರುತ್ತದೆ. ಅದನ್ನು ರೀಲ್ ಮಾಡುವುದು ಬೇರೆಯವರ ಮನೆಯ ಮಾತನ್ನು ಬೀದಿಗೆ ಹಾಕಿದ ಹಾಗೆ. ಊರಿಗೆ ಹೋದ ಮೇಲೆ ಮುಖಕ್ಕೆ ಹಳದಿ ಬಳಿದು ದೈವದ ವೇಷ ಹಾಕಬೇಡಿ. ಇದನ್ನು ಕೈಮುಗಿದು ಕೇಳುತ್ತೇನೆ.

ನುಡಿಯ ಹೊತ್ತು

ಮೂರು ನಾಲ್ಕು ಗಂಟೆಗೆ ದೈವ ನುಡಿ ಕೊಡಲು ನಿಲ್ಲುತ್ತದೆ. ಕುಟುಂಬದವರನ್ನು ಒಬ್ಬೊಬ್ಬರಾಗಿ ಕರೆಯುತ್ತದೆ. ಗಡಿ ಜಗಳ, ಅಣ್ಣತಮ್ಮಂದಿರ ಮುನಿಸು ಎಲ್ಲ ಅಲ್ಲಿ ತೀರ್ಮಾನವಾಗುತ್ತದೆ. ಮುಂಬೈ, ದುಬೈಯಿಂದ ರಜೆ ಹಾಕಿ ಬಂದವರೂ ಕೈಕಟ್ಟಿ ನಿಂತಿರುತ್ತಾರೆ. ಭಾಷೆ ತುಳು, ಅದೂ ಹಳೆಯ ಲಯದ ತುಳು. ಪಕ್ಕದಲ್ಲಿ ಕೂತವರನ್ನು ಮೆಲ್ಲಗೆ ಕೇಳಿ, ಹೇಳುತ್ತಾರೆ.

ನಿಮ್ಮನ್ನೂ ಕರೆಯಬಹುದು. ಹೋದ ವರ್ಷ ಮದ್ದೂರು ಕಡೆಯ ಗೆಳೆಯನೊಬ್ಬ ಹಿಂದೆ ಕೂತಿದ್ದ. ದೈವ ಅವನತ್ತ ಕೈ ಮಾಡಿ ಕರೆಯಿತು. ಅವನು ಎದ್ದು, ಶಾಲು ಸೊಂಟಕ್ಕೆ ಸುತ್ತಿ, ಮುಂದೆ ಹೋಗಿ ತಲೆ ಬಗ್ಗಿಸಿ ನಿಂತ. ದೈವ ಏನೋ ಕೇಳಿತು. ಮಾವ ಕನ್ನಡದಲ್ಲಿ ಹೇಳಿದರು, "ದೂರದಿಂದ ಬಂದಿದ್ದೀಯ, ನನ್ನ ಮನೆಯಲ್ಲಿ ಊಟ ಸಿಕ್ಕಿತಾ ಅಂತ ಕೇಳ್ತಾ ಉಂಟು." ಅವನು ಯಾವುದೋ ಅರಿಕೆ ಸಿದ್ಧ ಮಾಡಿಕೊಂಡು ಬಂದಿದ್ದನಂತೆ. ಅದೆಲ್ಲ ಮರೆತು "ಸಿಕ್ಕಿತು ಸ್ವಾಮಿ" ಅಂದ. ಕಣ್ಣಲ್ಲಿ ನೀರಿತ್ತು.

ಹಾಗೆ ಕರೆದರೆ ಹೋಗಿ, ಕೈ ಮುಗಿಯಿರಿ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ. ಗಂಧ, ಹಿಂಗಾರದ ಎಸಳು ಕೊಟ್ಟರೆ ಎರಡೂ ಕೈ ಚಾಚಿ ತೆಗೆದುಕೊಳ್ಳಿ. ದೈವದ ಮೈ ಮುಟ್ಟಲು ಹೋಗಬೇಡಿ.

ಬೆಳಗಾದ ಮೇಲೆ

ಬಣ್ಣ ಒರೆಸಿಕೊಂಡು, ಅಂಗಿ ಹಾಕಿಕೊಂಡು ಕೂತ ಅದೇ ಅಣ್ಣನ ಹತ್ತಿರ ಹೋಗಿ. ರಾತ್ರಿಯಿಡೀ ಭಾರ ಹೊತ್ತ ಮೈ ಅದು, ಜಾಸ್ತಿ ಮಾತಾಡಿಸಬೇಡಿ. ನಮಸ್ಕಾರ ಹೇಳಿ. ಕೊಡಬೇಕು ಅನಿಸಿದ್ದನ್ನು ಅವರ ತಾಯಿಯ ಕೈಗೆ ಕೊಡಿ. ಪಾಡ್ದನ ಹೇಳಿದವರನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ಈಗ ಕಾರಿನ ಮಾತು. ನಿದ್ದೆಗೆಟ್ಟು ಶಿರಾಡಿ ಹತ್ತಬೇಡಿ. ಬೆಳಿಗ್ಗೆ ಏಳಕ್ಕೆ ಹುರುಪಿರುತ್ತದೆ, ಗುಂಡ್ಯ ದಾಟುವಾಗ ಕಣ್ಣು ಮುಚ್ಚುತ್ತದೆ. ಚಾವಡಿಯಲ್ಲೋ ಜಗಲಿಯಲ್ಲೋ ಮಧ್ಯಾಹ್ನದವರೆಗೆ ಮಲಗಿ, ಮನೆಯವರೂ ಹಾಗೇ ಮಲಗಿರುತ್ತಾರೆ. ಎದ್ದು ಸ್ನಾನ ಮಾಡಿ, ಗಂಜಿ ಚಟ್ನಿ ಉಂಡು, ಹಿರಿಯರಿಗೆ ಹೇಳಿ ಹೊರಡಿ. ಗಂಧದ ಪೊಟ್ಟಣ ಅಂಗಿ ಜೇಬಿನಲ್ಲಿರಲಿ, ಪ್ಯಾಂಟಿನ ಜೇಬಿನಲ್ಲಿ ಬೇಡ.

ಮನೆ ಸೇರಿದ ಮೇಲೆ ಮಾವನಿಗೊಂದು ಫೋನ್ ಮಾಡಿ. ಮುಂದಿನ ವರ್ಷದ ದಿನ ಅವರೇ ಹೇಳುತ್ತಾರೆ.